ಮೂರು ಫೈಲು, ಒಂದು ತೆಂಗಿನ ಮರ

(ಬ್ರಹ್ಮಾವರದ ಹತ್ತಿರ ನಡೆದ ರೈತರ ಸಭೆಯೊಂದರಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮಧ್ಯೆ ಕರೆಂಟು ಹೋಗಿ ಮೈಕ್ ನಿಂತಾಗ ಹೇಳಿದ ಭಾಗ ರೆಕಾರ್ಡ್ ಆಗಿರಲಿಲ್ಲ. ಅದನ್ನು ನೆನಪಿನಿಂದ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ವಾಗತ ಮಾಡಿದವರು "ಬೇಲಿಯೇ ಎದ್ದು ಹೊಲ ಮೇಯ್ದರೆ" ಅಂತ ಆಗಲೇ ಹೇಳಿಬಿಟ್ಟರು. ನನಗೆ ಒಂದು ಗಾದೆ ಕಡಿಮೆ ಆಯಿತು. ಇರಲಿ. ನಾನು ಮಾತಾಡುವುದು ಬೇಲಿಯನ್ನು ನೋಡಲು ಬರುವವರ ಬಗ್ಗೆ. ಮೂವತ್ತು ವರ್ಷ ನನ್ನ ಕೆಲಸ ಅದೇ ಆಗಿತ್ತು, ಆಡಿಟ್. ಮದುವೆ ಮನೆಯಲ್ಲಿ ಯಾರಾದರೂ "ಇವರು ಆಡಿಟ್‌ನವರು" ಅಂತ ಪರಿಚಯ ಮಾಡಿದರೆ ಪಕ್ಕದ ಎಲೆಯವರು ಸ್ವಲ್ಪ ಆಚೆ ಸರಿದು ಕೂರುತ್ತಿದ್ದರು.

ಮೊದಲು ಒಂದು ಕಥೆ. ಯಾವ ತಾಲೂಕು, ಯಾವ ಆಫೀಸು ಅಂತ ಕೇಳಬೇಡಿ, ಹೇಳುವುದಿಲ್ಲ. ಪಂಪ್‌ಸೆಟ್ಟಿಗೆ ಸಬ್ಸಿಡಿ ಕೊಟ್ಟ ಫೈಲುಗಳ ಕಟ್ಟು ನನ್ನ ಮುಂದೆ ಇತ್ತು. ಒಂದೊಂದು ಫೈಲಿನಲ್ಲೂ ಅರ್ಜಿ, ಪಹಣಿ, ಅಂಗಡಿಯ ಬಿಲ್ಲು, ಕೊನೆಗೆ ಒಂದು ಫೋಟೋ. ರೈತ ಪಂಪಿನ ಪಕ್ಕ ನಿಂತಿರಬೇಕು, ಹಿಂದೆ ತೋಟ ಕಾಣಬೇಕು. ಅದು ನಿಯಮ. ಕಾಗದ ಎಲ್ಲಾ ಸರಿ ಇತ್ತು. ಸಹಿ, ಸೀಲು, ತಾರೀಕು, ಯಾವುದರಲ್ಲೂ ತಪ್ಪಿಲ್ಲ. ಅಷ್ಟು ಸರಿಯಾಗಿದ್ದರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಿಜವಾದ ರೈತನ ಫೈಲಿನಲ್ಲಿ ಒಂದಾದರೂ ತಪ್ಪು ಇರುತ್ತದೆ ಮಾರಾಯ್ರೆ. ಹೆಸರು ತಪ್ಪು, ಸರ್ವೆ ನಂಬರ್ ತಪ್ಪು, ಇಲ್ಲವೇ ಚಹಾ ಚೆಲ್ಲಿದ ಕಲೆ.

ಸುಮ್ನೆ ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೂರು ಫೋಟೋದಲ್ಲಿ ಮೂರು ಜನ ಬೇರೆ ಬೇರೆ ರೈತರು. ಹಿಂದೆ ಒಂದು ತೆಂಗಿನ ಮರ. ಇಲಿ ಹತ್ತದ ಹಾಗೆ ಮರಕ್ಕೆ ತಗಡು ಸುತ್ತುತ್ತೇವಲ್ಲ, ಹಾಗೆ ಸುತ್ತಿದ್ದರು. ಎಣ್ಣೆ ಡಬ್ಬ ಬಿಚ್ಚಿ ಹೊಡೆದ ತಗಡು. ಅದರ ಮೇಲೆ ಅರ್ಧ ನವಿಲಿನ ಚಿತ್ರ. ಮೂರೂ ಫೋಟೋದಲ್ಲಿ ಅದೇ ಅರ್ಧ ನವಿಲು.

ಪಂಪು ಒಂದೇ. ನಂಬರಿನ ತಗಡು ಮಾತ್ರ ಫೈಲಿಗೊಂದು. ಈ ಕಥೆ ಇನ್ನೂ ಸ್ವಲ್ಪ ಇದೆ, ಆಮೇಲೆ ಹೇಳುತ್ತೇನೆ.

ಇಂಥ ಬುದ್ಧಿ ನಮ್ಮವರಿಗೆ ಮಾತ್ರ ಇರುವುದು ಅಂತ ನಾನು ತುಂಬ ವರ್ಷ ತಿಳಿದಿದ್ದೆ. ಆಮೇಲೆ ಅಮೆರಿಕದ ಟೆಕ್ಸಾಸ್ ರಾಜ್ಯದ ಪೇಕೋಸ್ ಎಂಬ ಊರಿನ ಕಥೆ ಓದಿದೆ. ಅಲ್ಲಿ ಬಿಲ್ಲಿ ಸೋಲ್ ಎಸ್ಟಿಸ್ ಅಂತ ಒಬ್ಬ ವ್ಯಾಪಾರಿ ಇದ್ದ. 1960ರ ಸುಮಾರಿಗೆ ಅವನು ದೊಡ್ಡ ಮನುಷ್ಯ. ಅಲ್ಲಿನ ಕೃಷಿ ಇಲಾಖೆಯ ಹತ್ತಿ ಸಲಹಾ ಮಂಡಳಿಯಲ್ಲೂ ಇದ್ದ. ಅವನ ಒಂದು ದಂಧೆ ಅಮೋನಿಯಾ ಗೊಬ್ಬರ ತುಂಬುವ ಟ್ಯಾಂಕುಗಳದ್ದು. ರೈತರ ಹತ್ತಿರ ಹೋಗಿ, "ನಿನ್ನ ಹೆಸರಲ್ಲಿ ಸಾಲದ ಮೇಲೆ ಟ್ಯಾಂಕು ತೆಗೆದುಕೋ, ನಾನೇ ಅದನ್ನು ಬಾಡಿಗೆಗೆ ಇಟ್ಟುಕೊಂಡು ಕಂತು ಕಟ್ಟುತ್ತೇನೆ, ಸಹಿ ಹಾಕಿದ್ದಕ್ಕೆ ನಿನಗೆ ಹತ್ತು ಪರ್ಸೆಂಟು" ಅನ್ನುತ್ತಿದ್ದ. ರೈತರು ಟ್ಯಾಂಕು ನೋಡದೆಯೇ ಸಹಿ ಹಾಕಿದರು. ಆ ಅಡಮಾನದ ಕಾಗದ ತೋರಿಸಿ ಅವನು ದೂರದ ಫೈನಾನ್ಸ್ ಕಂಪನಿಗಳಿಂದ ಸಾಲ ಎತ್ತಿದ. ಆದರೆ ಹೆಚ್ಚಿನ ಟ್ಯಾಂಕುಗಳು ಇರಲೇ ಇಲ್ಲ. ನೋಡಲು ಯಾರಾದರೂ ಬಂದರೆ ಇದ್ದ ಕೆಲವೇ ಟ್ಯಾಂಕುಗಳಿಗೆ ನಂಬರಿನ ತಗಡು ಬದಲಿಸಿ ಹೊಡೆದು ತೋರಿಸುತ್ತಿದ್ದರು.

ನೋಡಿ, ಪೇಕೋಸ್ ಎಲ್ಲಿ, ನಮ್ಮ ಬೈಲು ಎಲ್ಲಿ. ತಗಡು ಬದಲಿಸುವ ಉಪಾಯ ಎರಡೂ ಕಡೆ ಒಂದೇ.

ಅದನ್ನು ಬಯಲಿಗೆ ತಂದದ್ದು ಸರ್ಕಾರ ಅಲ್ಲ. ಆಸ್ಕರ್ ಗ್ರಿಫಿನ್ ಅನ್ನುವ ಊರ ಪತ್ರಿಕೆಯ ಸಂಪಾದಕ. ತಾಲೂಕು ಆಫೀಸಿನಂಥ ಕಡೆ ಕೂತು ಅಡಮಾನದ ದಾಖಲೆಗಳನ್ನು ನೋಡಿದ. ಅಷ್ಟು ಟ್ಯಾಂಕುಗಳಿಗೆ ಆ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದಲ್ಲಿ, ಕೆಲಸವೇ ಇರಲಿಲ್ಲ. 1962ರ ಫೆಬ್ರವರಿ, ಮಾರ್ಚಿನಲ್ಲಿ ಅವನು ಬರೆದ. ಮಾರ್ಚ್ ಮುಗಿಯುವ ಮೊದಲು ಎಸ್ಟಿಸ್ ಜೈಲಿಗೆ ಹೋದ. ಮರುವರ್ಷ ಗ್ರಿಫಿನ್‌ಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಇದರಲ್ಲಿ ಒಂದು ಕಹಿ ವಿಷಯವೂ ಇದೆ. ಅದೇ ಎಸ್ಟಿಸ್ ಹತ್ತಿ ಬೆಳೆಯುವ ಪರವಾನಗಿಗಳಲ್ಲೂ ಆಟ ಆಡಿದ್ದ. ಅದರ ತನಿಖೆ ಮಾಡುತ್ತಿದ್ದ ಕೃಷಿ ಇಲಾಖೆಯ ಅಧಿಕಾರಿ ಹೆನ್ರಿ ಮಾರ್ಷಲ್. 1961ರ ಜೂನ್‌ನಲ್ಲಿ ಅವರು ತಮ್ಮ ಜಮೀನಿನಲ್ಲೇ ಸತ್ತು ಬಿದ್ದಿದ್ದರು. ಮೈಯಲ್ಲಿ 5 ಗುಂಡು. ಪಕ್ಕದಲ್ಲಿ ಅವರದೇ ರೈಫಲ್. ಅದನ್ನು ಆತ್ಮಹತ್ಯೆ ಅಂತ ಬರೆದರು! ಐದು ಸಲ ಹೊಡೆದುಕೊಂಡ ಆತ್ಮಹತ್ಯೆ. ಅದನ್ನು ಕೊಲೆ ಅಂತ ತಿದ್ದಲು 1980ರ ದಶಕ ಬರಬೇಕಾಯಿತು.

ಈ ಗದ್ದಲದ ನಂತರ 1962ರಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ತಮ್ಮ ಇಲಾಖೆಯಲ್ಲೇ ಒಂದು ಹೊಸ ಆಫೀಸು ಮಾಡಿದರು. ಹೆಸರು ಇನ್‌ಸ್ಪೆಕ್ಟರ್ ಜನರಲ್. ನಮ್ಮ ಪೊಲೀಸ್ ಐಜಿ ಅಂದುಕೊಳ್ಳಬೇಡಿ. ಆಡಿಟ್ ಮತ್ತು ತನಿಖೆ ಎರಡನ್ನೂ ಒಂದೇ ಕೈಗೆ ಕೊಟ್ಟ ಆಫೀಸು ಅದು. ಲೆಕ್ಕ ನೋಡುವವನಿಗೆ ಅನುಮಾನ ಬಂದರೆ ಪಕ್ಕದ ಕೋಣೆಯ ತನಿಖೆಯವನನ್ನು ಕರೆಯಬಹುದು. ನಮ್ಮಲ್ಲಿ ಅದು ಎಷ್ಟು ದೊಡ್ಡ ಕೊರತೆ ಅಂತ ಆಮೇಲೆ ಹೇಳುತ್ತೇನೆ. 1974ರಲ್ಲಿ, ಆಮೇಲೆ ಬಂದ ಇನ್ನೊಬ್ಬ ಕಾರ್ಯದರ್ಶಿ ಅರ್ಲ್ ಬಟ್ಜ್ ಅದನ್ನು ಒಡೆದು ಎರಡು ಮಾಡಿ ಬಿಟ್ಟರು. ಒಬ್ಬ ಮಂತ್ರಿ ಕಟ್ಟಿದ್ದನ್ನು ಇನ್ನೊಬ್ಬ ಮಂತ್ರಿ ಬಿಚ್ಚಬಹುದು ಅಂದರೆ ಅದು ಆಫೀಸಲ್ಲ, ಶಾಮಿಯಾನ. ಹಾಗಾಗಿ 1978ರಲ್ಲಿ ಕಾನೂನೇ ಮಾಡಿದರು. ವರ್ಷಕ್ಕೆ ಎರಡು ಸಲ ವರದಿ, ಅದೂ ಸಂಸತ್ತಿಗೆ ಹೋಗಲೇಬೇಕು.

ಆ ಆಫೀಸಿನ ಕೆಲಸದಲ್ಲಿ ದೊಡ್ಡ ಪಾಲು ಬಡವರ ಆಹಾರ ಕೂಪನ್ನಿನ ಮೋಸ ಹಿಡಿಯುವುದು. ಅಲ್ಲಿ ನಮ್ಮ ರೇಷನ್ನಿನಂಥ ಯೋಜನೆಯೂ ಕೃಷಿ ಇಲಾಖೆಯ ಕೈಯಲ್ಲೇ ಇದೆ. ಮತ್ತೆ ಬೆಳೆ ವಿಮೆ. ನಾರ್ತ್ ಕೆರೊಲಿನಾದ ಒಬ್ಬ ಟೊಮೆಟೊ ಬೆಳೆಗಾರ ಆಳುಗಳಿಂದ ಗಿಡ ಬಡಿಸಿ, ಗದ್ದೆ ತುಂಬ ಐಸ್ ಕ್ಯೂಬ್ ಎಸೆಸಿ, ಆಲಿಕಲ್ಲು ಮಳೆ ಬಂತು ಅಂತ ಫೋಟೋ ತೆಗೆಸಿದ್ದ. ಅವನೂ ಸಿಕ್ಕಿಬಿದ್ದ. ಅಲ್ಲಿಯೂ ಫೋಟೋ, ಇಲ್ಲಿಯೂ ಫೋಟೋ.

ಈಗ ನಮ್ಮ ದೇಶಕ್ಕೆ ಬರೋಣ. ನಿಮಗೆ ಮೇವು ಹಗರಣ ನೆನಪಿರಬಹುದು. ಬಿಹಾರದ ಪಶುಸಂಗೋಪನೆ ಇಲಾಖೆ. ಇಲ್ಲದ ದನಗಳಿಗೆ ಮೇವು, ಇಲ್ಲದ ದನಗಳಿಗೆ ಔಷಧಿ, ಒಟ್ಟು ಸುಮಾರು 950 ಕೋಟಿ ರೂಪಾಯಿ. ದನ, ಮೇವು ಸಾಗಿಸಿದ ಬಿಲ್ಲುಗಳಲ್ಲಿ ಲಾರಿಗಳ ನಂಬರ್ ಬರೆದಿತ್ತು. ಆ ನಂಬರ್‌ಗಳನ್ನು ಸಾರಿಗೆ ಆಫೀಸಿನ ರಿಜಿಸ್ಟರಿನಲ್ಲಿ ತಾಳೆ ನೋಡಿದರೆ ಕೆಲವು ಸ್ಕೂಟರು, ಕೆಲವು ಮೋಟಾರ್ ಸೈಕಲ್ಲು. ಹೋರಿಗಳು ಸ್ಕೂಟರಿನಲ್ಲಿ ಹೋದವು ಅಂತ ಜನ ನಕ್ಕರು. ನಾನು ನಗುವುದಕ್ಕಿಂತ ಜಾಸ್ತಿ ಹೊಟ್ಟೆಕಿಚ್ಚು ಪಟ್ಟೆ. ಆ ನಂಬರನ್ನು ತಾಳೆ ನೋಡಬೇಕು ಅಂತ ಹೊಳೆಯಿತಲ್ಲ, ಆ ಆಡಿಟರ್ ಯಾರೋ, ಅವರ ಕಾಲಿಗೆ ಬೀಳಬೇಕು.

ಆದರೆ ತಾರೀಕುಗಳನ್ನು ಗಮನಿಸಿ. ಬಿಹಾರದ ಖಜಾನೆಯಿಂದ ತಿಂಗಳ ಲೆಕ್ಕ ಸರಿಯಾಗಿ ಬರುತ್ತಿಲ್ಲ, ಇದರ ಹಿಂದೆ ಹಣ ತಿನ್ನುವ ಕೆಲಸ ಇರಬಹುದು ಅಂತ ಸಿಎಜಿ, ಅಂದರೆ ಸರ್ಕಾರಗಳ ಲೆಕ್ಕ ನೋಡುವ ದೇಶದ ಮಹಾಲೆಕ್ಕಪರಿಶೋಧಕರು, ಎಚ್ಚರಿಸಿದ್ದು 1985ರಲ್ಲಿ. ಆಗ ಸಿಎಜಿ ಆಗಿದ್ದವರು ಟಿ.ಎನ್. ಚತುರ್ವೇದಿ. ಹೌದು, ಆಮೇಲೆ 2002ರಿಂದ 2007ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿದ್ದರಲ್ಲ, ಅವರೇ. ಚಾಯಿಬಾಸಾದ ಪಶುಸಂಗೋಪನೆ ಆಫೀಸಿನ ಮೇಲೆ ಜಿಲ್ಲಾಧಿಕಾರಿ ಅಮಿತ್ ಖರೆ ದಾಳಿ ಮಾಡಿದ್ದು 1996ರ ಜನವರಿ 27ಕ್ಕೆ. ನಡುವೆ ಹನ್ನೊಂದು ವರ್ಷ. ಆ ದಾಳಿಯ ಹೊತ್ತಿಗೆ ಮುಖ್ಯಮಂತ್ರಿ ಆಗಿದ್ದ ಲಾಲು ಪ್ರಸಾದ್ ಅವರಿಗೆ ಮೊದಲ ಶಿಕ್ಷೆ ಆದದ್ದು 2013ರಲ್ಲಿ. 1985ರಲ್ಲಿ ಹುಟ್ಟಿದ ಮಗುವಿಗೆ ಅಷ್ಟೊತ್ತಿಗೆ ಮದುವೆಯಾಗಿ ಮಗುವೂ ಆಗಿರುತ್ತದೆ.

ಯಾಕೆ ಇಷ್ಟು ತಡ? ಸಿಎಜಿಗೆ ಹಲ್ಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಸಂವಿಧಾನದ 148ನೇ ವಿಧಿ ಆ ಕುರ್ಚಿಯನ್ನು ತುಂಬ ಗಟ್ಟಿ ಮಾಡಿದೆ. ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟ, ಸಿಎಜಿಯನ್ನು ತೆಗೆಯುವುದು. ಆದರೆ ಅವರು ಯಾರನ್ನೂ ಹಿಡಿಯುವ ಹಾಗಿಲ್ಲ. ವರದಿ ಬರೆಯುತ್ತಾರೆ. ಅದು ಸದನಕ್ಕೆ ಹೋಗುತ್ತದೆ, ಅಲ್ಲಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ, ಅಲ್ಲಿಂದ ಇಲಾಖೆಗೆ "ಕ್ರಮ ಕೈಗೊಳ್ಳಿ" ಅಂತ ಬರುತ್ತದೆ. ಕ್ರಮ ಕೈಗೊಳ್ಳಬೇಕಾದವರು ಯಾರು? ಅದೇ ಇಲಾಖೆಯವರು. ಆ ಹೊತ್ತಿಗೆ ಆ ಫೈಲಿಗೆ ಸಹಿ ಹಾಕಿದವರು ಎರಡು ಪ್ರಮೋಷನ್ ಪಡೆದು ರಿಟೈರ್ ಆಗಿರುತ್ತಾರೆ. ಅಮೆರಿಕದವರು ಆಡಿಟ್ ಮತ್ತು ತನಿಖೆಯನ್ನು ಒಂದೇ ಕಡೆ ಇಟ್ಟರು ಅಂದೆನಲ್ಲ, ಅದಕ್ಕೇ.

ನಮ್ಮಲ್ಲಿ ಹಿಡಿಯುವ ಕೆಲಸ ಲೋಕಾಯುಕ್ತದ್ದು. 1984ರ ಕಾಯ್ದೆ. ನಮ್ಮ ನಿಟ್ಟೆಯ ಕೆ.ಎಸ್. ಹೆಗ್ಡೆಯವರ ಮಗ ಸಂತೋಷ್ ಹೆಗ್ಡೆಯವರು 2006ರಿಂದ 2011ರವರೆಗೆ ಆ ಕುರ್ಚಿಯಲ್ಲಿ ಕೂತು ಗಣಿ ವರದಿ ಕೊಟ್ಟದ್ದು ನಿಮಗೆ ಗೊತ್ತು. ಮುಖ್ಯಮಂತ್ರಿಯ ಕುರ್ಚಿಯೇ ಅಲುಗಿತು. ಆಮೇಲೆ ಏನಾಯಿತು? 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಅಂತ ಹೊಸದೊಂದು ಮಾಡಿ ಲೋಕಾಯುಕ್ತ ಪೊಲೀಸರ ಕೈಯಿಂದ ಭ್ರಷ್ಟಾಚಾರದ ಕೇಸುಗಳನ್ನು ಕಿತ್ತುಕೊಂಡರು. ಎಸಿಬಿ ಇದ್ದದ್ದು ಮುಖ್ಯಮಂತ್ರಿಗಳ ಕೈಕೆಳಗೆ. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿ ಅಧಿಕಾರವನ್ನು ವಾಪಸು ಲೋಕಾಯುಕ್ತಕ್ಕೆ ಕೊಟ್ಟಿತು. ಆರು ವರ್ಷ ನಾಯಿ ಇತ್ತು, ಆದರೆ ಸರಪಳಿ ಹಿಡಿದವರ ಕಡೆ ತಿರುಗಿ ಬೊಗಳುವ ಹಾಗಿರಲಿಲ್ಲ.

ಅಮೆರಿಕದಲ್ಲೂ ಈಚೆಗೆ ಹಾಗೇ ಆಯಿತು. 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಬಂದ ವಾರದಲ್ಲೇ ಹಲವು ಇಲಾಖೆಗಳ ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಒಮ್ಮೆಗೇ ತೆಗೆದರು. 2002ರಿಂದ ಕೃಷಿ ಇಲಾಖೆಯ ಆ ಕುರ್ಚಿಯಲ್ಲಿದ್ದ ಫಿಲಿಸ್ ಫಾಂಗ್ ಕೂಡ ಅದರಲ್ಲಿ ಒಬ್ಬರು. ಸಂಸತ್ತಿಗೆ 30 ದಿನ ಮೊದಲು ತಿಳಿಸಬೇಕು ಅಂತ ಕಾನೂನು ಇತ್ತು. ತಿಳಿಸಲಿಲ್ಲ. ಹಾಗೆ ತೆಗೆದದ್ದು ತಪ್ಪು ಅಂತ ಕೋರ್ಟು ಆಮೇಲೆ ಹೇಳಿತು, ಆದರೆ ವಾಪಸು ಕುರ್ಚಿಗೆ ಕೂರಿಸಲಿಲ್ಲ. ಹಾಗಾಗಿ "ಅಮೆರಿಕದಲ್ಲಿ ಹೀಗಿಲ್ಲ" ಅನ್ನುವವರಿಗೆ ನಾನು ಈಗ ಏನೂ ಹೇಳುವುದಿಲ್ಲ, ಸುಮ್ನೆ ನಗುತ್ತೇನೆ.

ಇಷ್ಟು ಹೊತ್ತು ಕಳ್ಳರ ಬಗ್ಗೆ ಹೇಳಿದೆ. ಕಳ್ಳರ ಕಥೆ ಕೇಳಲು ಚೆನ್ನಾಗಿರುತ್ತದೆ. ನಾನು ನಿಜವಾಗಿ ಹೇಳಬೇಕು ಅಂತ ಬಂದದ್ದು ಬೇರೆ. ಆಡಿಟ್‌ನವರು ಏನನ್ನು ಎಣಿಸುತ್ತಾರೆ, ಏನನ್ನು ಎಣಿಸುವುದಿಲ್ಲ ಅನ್ನುವುದು.

2008ರ ಸಾಲ ಮನ್ನಾ ನೆನಪಿದೆ ಅಲ್ವಾ? ಕೇಂದ್ರದ್ದು. ಸುಮಾರು 3.69 ಕೋಟಿ ಸಣ್ಣ ರೈತರು, 60 ಲಕ್ಷ ಇತರ ರೈತರು, ಒಟ್ಟು 52,516 ಕೋಟಿ ರೂಪಾಯಿ. ಸಿಎಜಿ ಇದನ್ನು ಆಡಿಟ್ ಮಾಡಿ 2013ರಲ್ಲಿ ವರದಿ ಕೊಟ್ಟಿತು. 25 ರಾಜ್ಯ, 92 ಜಿಲ್ಲೆ, 90,576 ಖಾತೆ. ಮನ್ನಾ ಆದ ಖಾತೆಗಳಲ್ಲಿ 80,299 ನೋಡಿದರು. ನೂರಕ್ಕೆ 8.5ರಷ್ಟು ಜನ ಅರ್ಹರಲ್ಲ. 2,824 ಕಡೆ ದಾಖಲೆ ತಿದ್ದಿದ ಹಾಗೆ ಕಂಡಿತು. ಪೇಪರಿನವರು ಇದನ್ನೇ ಹಾಕಿದರು. "ಸಾಲ ಮನ್ನಾದಲ್ಲಿ ಗೋಲ್‌ಮಾಲ್." ಟಿವಿಯಲ್ಲಿ ಮೂರು ದಿನ ಅದೇ.

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇತ್ತು. ಮನ್ನಾ ಸಿಗದ ಖಾತೆಗಳಲ್ಲಿ 9,334ನ್ನು ಅವರು ತೆಗೆದು ನೋಡಿದ್ದರು. ಅದರಲ್ಲಿ 1,257 ಜನ ಅರ್ಹರೇ ಆಗಿದ್ದರು. ನೂರಕ್ಕೆ ಹದಿಮೂರಕ್ಕಿಂತ ಜಾಸ್ತಿ. ಅಂದರೆ ಸಿಗಬಾರದವರಿಗೆ ಸಿಕ್ಕ ಪ್ರಮಾಣಕ್ಕಿಂತ, ತಿರಸ್ಕಾರ ಆದವರಲ್ಲಿ ಸಿಗಬೇಕಾದವರ ಪ್ರಮಾಣ ದೊಡ್ಡದು. ಇನ್ನೂ ಒಂದು: ಮನ್ನಾ ಆದವರಲ್ಲೂ, ತೆಗೆದು ನೋಡಿದ ಖಾತೆಗಳಲ್ಲಿ ಮೂರರಲ್ಲಿ ಒಂದಕ್ಕೆ ಬ್ಯಾಂಕಿನವರು ಮನ್ನಾದ ಸರ್ಟಿಫಿಕೇಟ್ ಕೊಟ್ಟದ್ದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಸರ್ಟಿಫಿಕೇಟ್ ಕೈಯಲ್ಲಿಲ್ಲದಿದ್ದರೆ ಹೊಸ ಸಾಲ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುವುದು? ಇದು ಟಿವಿಯಲ್ಲಿ ಬಂದದ್ದು ನನಗಂತೂ ನೆನಪಿಲ್ಲ.

ಆ ಎರಡನೇ ಎಣಿಕೆ ಮಾಡಿದವರಿಗೆ ನಾನು ಜೀವಮಾನ ಪೂರ್ತಿ ಕೈ ಮುಗಿಯುತ್ತೇನೆ. ಯಾಕೆಂದರೆ ನಮಗೆ ಯಾರೂ ಅದನ್ನು ಮಾಡಲು ಹೇಳುವುದಿಲ್ಲ. ಹಣ ಹೋದ ಫೈಲು ಆಡಿಟ್ ಮೇಜಿಗೆ ಬರುತ್ತದೆ. ಹಣ ಹೋಗದ ಫೈಲು ಬರುವುದಿಲ್ಲ. ಅದರಲ್ಲಿ ಏನು ಲೆಕ್ಕ ಇದೆ? ಖರ್ಚೇ ಆಗಿಲ್ಲವಲ್ಲ!

ಪಿಎಂ ಕಿಸಾನ್ ನೋಡಿ. 2019ರಲ್ಲಿ ಶುರುವಾಯಿತು. ವರ್ಷಕ್ಕೆ 6,000, ಮೂರು ಕಂತು. ಆರ್‌ಟಿಐ ಅರ್ಜಿಯೊಂದಕ್ಕೆ ಸಿಕ್ಕ ಉತ್ತರದ ಪ್ರಕಾರ 2020ರ ಜುಲೈ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆದಾಯ ತೆರಿಗೆ ಕಟ್ಟುವವರು. ಅದೇ ವರ್ಷ ತಮಿಳುನಾಡಿನಲ್ಲಿ ಏಜೆಂಟರು ಅಧಿಕಾರಿಗಳ ಪಾಸ್‌ವರ್ಡ್ ಇಟ್ಟುಕೊಂಡು ರಾಶಿ ರಾಶಿ ಹೆಸರು ಸೇರಿಸಿದರು. 110 ಕೋಟಿ. ಸರ್ಕಾರ 80 ಜನರನ್ನು ಕೆಲಸದಿಂದ ತೆಗೆಯಿತು. ಒಳ್ಳೆಯದೇ.

ಇದಕ್ಕೆ ಮದ್ದು ಅಂತ ಏನು ಮಾಡಿದರು? ಇ-ಕೆವೈಸಿ, ಆಧಾರ್ ಜೋಡಣೆ, ಪಹಣಿ ಜೋಡಣೆ. ಕಳ್ಳನಿಗೆ ಬೀಗ ಹಾಕಿದರೆ ಮನೆಯವರೂ ಹೊರಗೆ ಉಳಿಯುತ್ತಾರೆ. ಅದರಲ್ಲೂ ನಮ್ಮ ಕರಾವಳಿಯಲ್ಲಿ. ಬಯಲುಸೀಮೆಯವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮ ಪಹಣಿಯಲ್ಲಿ ಎಷ್ಟು ಹೆಸರು ಇರುತ್ತದೆ ಹೇಳಿ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಸಂತಾನದ ಕುಟುಂಬ ಆದರೆ ಅಜ್ಜಿ, ಅಜ್ಜಿಯ ತಂಗಿ, ಮುಂಬೈಯಲ್ಲಿರುವ ಮಾವ, ತೀರಿಹೋದ ದೊಡ್ಡಮ್ಮ. ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಹಾಕಿ ಗೇಣಿ ಜಮೀನು ಸಿಕ್ಕಿದವರ ಮನೆಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಉಳುವುದು ಮೊಮ್ಮಗ. ಪಾಲಾಗಿಲ್ಲ. ಪಾಲು ಮಾಡಲು ಹೊರಟರೆ ಒಬ್ಬರ ಸಹಿಗೆ ದುಬೈಗೆ ಹೋಗಬೇಕು. ಕಷ್ಟಪಟ್ಟು ಪಾಲು ಮಾಡಿಕೊಂಡರೂ ಪಿಎಂ ಕಿಸಾನ್‌ಗೆ 2019ರ ಫೆಬ್ರವರಿ 1ಕ್ಕೆ ಜಮೀನು ಹೆಸರಿಗೆ ಇರಬೇಕಿತ್ತು. ಮನೆಯ ಯಜಮಾನ ಸತ್ತು ವಾರಸುದಾರರಿಗೆ ಬಂದರೆ ಮಾತ್ರ ವಿನಾಯಿತಿ. ಒಬ್ಬರು ನನ್ನ ಹತ್ತಿರ, "ಅಂದರೆ ಅಜ್ಜ ಸಾಯುವುದನ್ನು ಕಾಯಬೇಕಾ ಸಾರ್?" ಅಂತ ಕೇಳಿದರು. ಅಜ್ಜ ಪಕ್ಕದಲ್ಲೇ ಕೂತಿದ್ದರು. ಅವರೇ ಮೊದಲು ನಕ್ಕರು.

ಮೋಸ ಒಂದು ಕಡೆ, ದಂಡ ಖರ್ಚು ಇನ್ನೊಂದು ಕಡೆ. ದಂಡ ಖರ್ಚಿಗೆ ಯಾರೂ ಜೈಲಿಗೆ ಹೋಗುವುದಿಲ್ಲ. ನಮ್ಮಲ್ಲಿ ಏಣೇಲು, ಅಂದರೆ ಮಳೆಗಾಲದ ಬೆಳೆ, ಅದರ ಕೊಯ್ಲು ಅಕ್ಟೋಬರಿನಲ್ಲಿ ಶುರು. ಹೆಚ್ಚಿನವರದ್ದು ಎಂಒ4 ಭತ್ತ. ಮನೆಯಲ್ಲಿ ಒಣಗಿಸಲು ಜಾಗ ಇಲ್ಲ. ಯಂತ್ರದಲ್ಲಿ ಕೊಯ್ದ ಭತ್ತ ಗದ್ದೆಯಿಂದಲೇ ಲಾರಿ ಹತ್ತಿ ಮಿಲ್ಲಿಗೆ ಹೋಗುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ನಮ್ಮ ಅಂಗಳದಲ್ಲಿ ಹುಲ್ಲು ಮಾತ್ರ ಇರುತ್ತದೆ. ಕೇಂದ್ರ ಇದೆ, ಸಿಬ್ಬಂದಿ ಇದ್ದಾರೆ, ಬ್ಯಾನರ್ ಇದೆ. ಭತ್ತ ಇಲ್ಲ. ಇದರಲ್ಲಿ ಯಾರು ಏನು ಕದ್ದರು? ಯಾರೂ ಇಲ್ಲ. ಆದರೂ ರೈತನ ಜೇಬಿನಿಂದ ಹಣ ಹೋಯಿತು. ಆಡಿಟ್‌ನಲ್ಲಿ ಇದಕ್ಕೆ ಪರ್ಫಾರ್ಮೆನ್ಸ್ ಆಡಿಟ್ ಅನ್ನುತ್ತಾರೆ. ರೂಪಾಯಿ ಸರಿಯಾಗಿ ಖರ್ಚಾಯಿತಾ ಅಂತ ಕೇಳುವುದರ ಜೊತೆ, ಆ ಖರ್ಚಿನಿಂದ ಏನಾಯಿತು ಅಂತಲೂ ಕೇಳುವುದು. ನನ್ನ ಪ್ರಕಾರ ನಿಮಗೆ ಜಾಸ್ತಿ ಬೇಕಾದದ್ದು ಅದೇ.

ಅಡಿಕೆಯ ಹವಾಮಾನ ಆಧಾರಿತ ವಿಮೆಯೂ ಹಾಗೇ. ಹೆಕ್ಟೇರಿಗೆ 1,28,000 ವಿಮೆ, ಅದಕ್ಕೆ ನಿಮ್ಮಿಂದ 5 ಪರ್ಸೆಂಟು, ಅಂದರೆ 6,400. ಕೊಳೆರೋಗ ಬಂದು ಕಾಯಿ ಉದುರಿದ್ದನ್ನು ನೋಡಲು ತೋಟಕ್ಕೆ ಯಾರೂ ಬರುವುದಿಲ್ಲ. ಪಂಚಾಯತಿನ ಮಳೆಮಾಪಕ ಹೇಳಿದ್ದೇ ಕೊನೆ. ಅದರಿಂದ ಒಂದು ಲಾಭ ಇದೆ, ಐಸ್ ಕ್ಯೂಬ್ ಎಸೆದು ಫೋಟೋ ತೆಗೆಯುವ ಆಟ ನಡೆಯುವುದಿಲ್ಲ. ಆದರೆ ಗುಡ್ಡದ ಈಚೆ ಮಳೆ ಹೊಯ್ಯುವಾಗ ಆಚೆ ಬಿಸಿಲು ಇರುತ್ತದೆ ನಮ್ಮಲ್ಲಿ. ಮಾಪಕದ ಮೇಲೆ ಹಲಸಿನ ಮರದ ಗೆಲ್ಲು ಬಾಗಿದ್ದನ್ನು ನಾನೇ ಒಂದು ಕಡೆ ನೋಡಿದ್ದೇನೆ. ಆ ಮಾಪಕದ ಆಡಿಟ್ ಯಾರು ಮಾಡುವುದು? ಬೆಳೆ ವಿಮೆಯ ಬಗ್ಗೆ 2017ರಲ್ಲಿ ಬಂದ ವರದಿಯಲ್ಲಿ, ಸರ್ಕಾರದ ಇಷ್ಟು ಹಣ ಹೋದರೂ ಖಾಸಗಿ ವಿಮಾ ಕಂಪನಿಗಳ ಲೆಕ್ಕ ನಮ್ಮ ಆಡಿಟ್ ವ್ಯಾಪ್ತಿಗೆ ಬರುವುದಿಲ್ಲ ಅಂತ ಸಿಎಜಿಯೇ ಬರೆದುಕೊಂಡಿತ್ತು.

(ಇಲ್ಲಿ ಕರೆಂಟು ಹೋಯಿತು. ಮೈಕ್ ಇಲ್ಲದೆ ಹೇಳಿದ್ದು ಇದು.)

ದೊಡ್ಡ ಆಫೀಸುಗಳ ಮಾತು ಬಿಡಿ. ನಿಮ್ಮ ಊರಲ್ಲೇ ಒಂದು ಆಡಿಟ್ ಇದೆ. ರಾಜಸ್ಥಾನದ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ 1994ರ ಡಿಸೆಂಬರ್ 2ಕ್ಕೆ ಜನರು ಬಯಲಲ್ಲಿ ಕೂತು ಕೂಲಿಯ ಹಾಜರಿ ಪಟ್ಟಿಯನ್ನು ಜೋರಾಗಿ ಓದಿಸಿದರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ನಡೆಸಿದ ಸಭೆ. ಕೆಲಸಕ್ಕೇ ಹೋಗದವರ ಹೆಸರು ಪಟ್ಟಿಯಲ್ಲಿತ್ತು. ಹೆಸರು ಕರೆದಾಗ ಆ ಮನುಷ್ಯ ಎದುರಿಗೇ ಕೂತಿದ್ದರೆ ಮತ್ತೆ ಯಾವ ಸಾಕ್ಷಿ ಬೇಕು? ಮಾಹಿತಿ ಹಕ್ಕಿನ ಚಳವಳಿ ಬೆಳೆದದ್ದು ಅಲ್ಲಿಂದ. ಸಾಮಾಜಿಕ ಪರಿಶೋಧನೆ ಆಗಲೇಬೇಕು ಅಂತ 2005ರ ನರೇಗಾ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಬರೆದದ್ದೂ ಆ ಚಳವಳಿಯ ಬಲದಿಂದ.

ನಮ್ಮಲ್ಲಿ ಅಂಥ ಸಭೆಗೆ ನಾನು ರಿಟೈರ್ ಆದ ಮೇಲೆ ಸುಮ್ನೆ ಹೋಗಿ ಕೂತಿದ್ದೆ. ಹದಿನೇಳು ಜನ. ಅದರಲ್ಲಿ ಒಂಬತ್ತು ಜನ ಪಂಚಾಯತಿನವರೇ. ಬಾವಿ, ದನದ ಕೊಟ್ಟಿಗೆ, ಇಂಗುಗುಂಡಿಗಳ ಪಟ್ಟಿಯನ್ನು ಒಬ್ಬ ಹುಡುಗಿ ಸರಸರ ಓದಿದಳು. ಯಾರೂ ತಲೆ ಎತ್ತಲಿಲ್ಲ. ಹಿಂದೆ ಕೂತ ಒಬ್ಬ ಹೆಂಗಸು ಮಾತ್ರ, "ಎಂಥದು, ಆ ಕೊಟ್ಟಿಗೆಯಲ್ಲಿ ಈಗ ಕಾರು ನಿಲ್ಲಿಸಿದ್ದಾರಲ್ಲ" ಅಂದರು. ಮೆಲ್ಲ. ಪಕ್ಕದವರಿಗೆ. ಆ ಮಾತು ಮಿನಿಟ್ಸ್‌ನಲ್ಲಿ ಬರಲಿಲ್ಲ. ಗೋಳಿಬಜೆ ಬಂತು, ಸಭೆ ಮುಗಿಯಿತು. ನಾನೂ ಎದ್ದು ಹೇಳಲಿಲ್ಲ, ನಿಜ ಹೇಳಬೇಕಲ್ಲ. ನನ್ನ ಊರಲ್ಲ, ಯಾಕೆ ಬೇಕು ಅಂತ ಅನ್ನಿಸಿತು.

ಹೆದರಿಕೆ ಸುಳ್ಳಲ್ಲ. ದೂರು ಕೊಟ್ಟವರನ್ನು ಕಾಯಲು 2014ರಲ್ಲಿ ಒಂದು ಕಾನೂನು ಪಾಸಾಯಿತು, ಇನ್ನೂ ಜಾರಿಯಾಗಿಲ್ಲ. ಲೋಕಾಯುಕ್ತಕ್ಕೆ ದೂರು ಕೊಡಬೇಕಾದರೆ ಫಾರಂ 1, ಜೊತೆಗೆ ಪ್ರಮಾಣಪತ್ರದ ಫಾರಂ 2. ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಅದಕ್ಕೇ ನಾನು ಹೇಳುವುದು, ದೂರಿನಿಂದ ಶುರು ಮಾಡಬೇಡಿ. ಮೊದಲು 10 ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಪಟ್ಟಿ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಉದ್ದ ಬರೆದು ತಿರಸ್ಕಾರ ಆದದ್ದು ತುಂಬ ನೋಡಿದ್ದೇನೆ. ಅದರಲ್ಲಿ ಎರಡು ಪಟ್ಟಿ ಕೇಳಿ. ಸಬ್ಸಿಡಿ ಸಿಕ್ಕಿದವರದ್ದು ಒಂದು. ಅರ್ಜಿ ತಿರಸ್ಕಾರ ಆದವರದ್ದು, ಕಾರಣದ ಸಮೇತ, ಇನ್ನೊಂದು. ಎರಡನೆಯದನ್ನು ಕೊಡಲು ಅವರು ಜಾಸ್ತಿ ಹಿಂದೆ ಮುಂದೆ ನೋಡುತ್ತಾರೆ. ಬಿಡಬೇಡಿ.

(ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಅವರವರ ಪಹಣಿಯ ಬಗ್ಗೆ, ಅವನ್ನು ಇಲ್ಲಿ ಹಾಕಿಲ್ಲ. ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು, "ಸಾರ್, ಆ ಕಥೆ ಇನ್ನೂ ಇದೆ ಅಂದಿರಿ. ಆ ತೆಂಗಿನ ಮರ ಯಾರದ್ದು?" ಅಂತ ಕೇಳಿದರು.)

ಹೌದು, ಮರೆತಿದ್ದೆ.

ನಾವು ಹೋಗಿ ಹುಡುಕಿದೆವು. ಮರ ಸಿಕ್ಕಿತು, ತಗಡೂ ಸಿಕ್ಕಿತು, ಬಿಸಿಲಿಗೆ ನವಿಲಿನ ಬಣ್ಣ ಸ್ವಲ್ಪ ಹೋಗಿತ್ತು. ಆ ತೋಟದವರು ಆ ಮೂರು ಜನರಲ್ಲಿ ಯಾರೂ ಅಲ್ಲ. ಅವರಿಗೆ ಏನೂ ಗೊತ್ತಿರಲಿಲ್ಲ. "ಪಂಪಿನ ಅಂಗಡಿಯವರು ಬಂದು ಫೋಟೋ ತೆಗೆಯಬೇಕು, ನಿಮ್ಮಲ್ಲಿ ನೀರು ಚೆನ್ನಾಗಿದೆ ಅಂದರು, ನಾನು ಎಳನೀರು ಕೊಟ್ಟೆ" ಅಂದರು.

ಆ ಮೂವರ ಮೇಲೆ ನಾನು ವರದಿ ಬರೆದೆ. ಹಣ ವಸೂಲಿ ಆಯಿತು. ಅಂಗಡಿಯವರಿಗೆ ಏನೂ ಆಗಲಿಲ್ಲ.

ವರದಿ ಬರೆಯುವ ದಿನ ಮಧ್ಯಾಹ್ನ ಜೋರು ಮಳೆ. ಊಟಕ್ಕೆ ಹೊರಗೆ ಹೋಗಲು ಆಗಲಿಲ್ಲ. ಸುಮ್ನೆ ಕೂತು ಬೇಜಾರಾಗಿ, ಕಪಾಟಿನ ಕೆಳಗೆ ಇದ್ದ ತಿರಸ್ಕಾರ ಆದ ಅರ್ಜಿಗಳ ಕಟ್ಟು ಬಿಚ್ಚಿದೆ. ಅದು ನನ್ನ ಕೆಲಸ ಆಗಿರಲಿಲ್ಲ. ಮೇಲಿನಿಂದ ಏಳನೆಯದೋ ಎಂಟನೆಯದೋ ಅವರದ್ದು, ಆ ತೆಂಗಿನ ಮರದವರದ್ದು. ಅದೇ ಯೋಜನೆ, ಅದೇ ವರ್ಷ. ಪಹಣಿ ಅಜ್ಜಿಯ ಹೆಸರಲ್ಲಿದೆ ಅಂತ ಕೆಂಪು ಶಾಯಿಯಲ್ಲಿ ಬರೆದು ಬದಿಗೆ ಇಟ್ಟಿದ್ದರು.